ಅವಳ ದುಡಿಮೆಯನ್ನು ಅರ್ಜಿಯಲ್ಲಿ ಬರೆಯಿರಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ವಕೀಲರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಕೀಲರೇ,

ಗಂಡನಿಂದ ದೂರವಾದ ಹೆಣ್ಣುಮಗಳು ನಮ್ಮ ಸೀಮೆಯ ಯಾವುದೋ ಹಳ್ಳಿಯಿಂದ ಬಸ್ಸು ಹತ್ತಿ ನಿಮ್ಮ ಕಚೇರಿಗೆ ಬರುತ್ತಾಳೆ. ನೀವು ಅವಳ ಕಷ್ಟ ಕೇಳಿ ಅರ್ಜಿ ಸಿದ್ಧ ಮಾಡುತ್ತೀರಿ. ಆ ಅರ್ಜಿಯಲ್ಲಿ ಒಂದು ಸಾಲು ಹೆಚ್ಚುಕಡಿಮೆ ತಪ್ಪದೆ ಇರುತ್ತದೆ: ‘ಅರ್ಜಿದಾರಳು ಗೃಹಿಣಿಯಾಗಿದ್ದು, ಆಕೆಗೆ ಯಾವುದೇ ಆದಾಯ ಇರುವುದಿಲ್ಲ.’ ನೆಂಟರಿಷ್ಟರ, ಅಕ್ಕಪಕ್ಕದ ಹೆಂಗಸರ ಜೊತೆ ಕೋರ್ಟಿಗೆ ಓಡಾಡುವ ನಾನು ಈ ಸಾಲನ್ನು ಮತ್ತೆ ಮತ್ತೆ ಓದಿದ್ದೇನೆ. ಏಕೆ ಬರೆಯುತ್ತೀರಿ ಎಂಬುದೂ ಗೊತ್ತು. ಆದಾಯವಿದೆ ಎಂದರೆ ಜೀವನಾಂಶ ಕಡಿಮೆಯಾದೀತು ಎಂಬ ಕಾಳಜಿ ಅದರ ಹಿಂದಿದೆ. ಆದರೆ ಅದೇ ಸಾಲು ಅವಳ ಇಪ್ಪತ್ತು ವರ್ಷದ ದುಡಿಮೆಯನ್ನು ಅವಳದೇ ಸಹಿಯಿಂದ ಅಳಿಸಿಹಾಕುತ್ತದೆ. ಕೈಯಲ್ಲಿ ಕಾಸಿಲ್ಲದಿರುವುದು ಬೇರೆ, ದುಡಿಯದೆ ಕೂತಿರುವುದು ಬೇರೆ. ಈ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನೀವೂ ಈ ನೆಲದವರೇ. ನಿಮ್ಮಲ್ಲಿ ಅನೇಕರು ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಹುಟ್ಟಿ, ಗೂಡು ಮಾರಿದ ದುಡ್ಡಿನಲ್ಲಿ ಓದಿ ವಕೀಲರಾದವರು. ಆ ಮನೆಯ ಒಂದು ಬೆಳೆಯನ್ನು ನೆನಪು ಮಾಡಿಕೊಳ್ಳಿ. ಚಾಕಿ ಹುಳು, ಅಂದರೆ ಎಳೆ ಹುಳು, ಒಳಗೆ ಬಂತೆಂದರೆ ಹೆಂಗಸಿನ ಹಗಲು ರಾತ್ರಿ ಹುಳುವಿಗೇ ಮೀಸಲು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ಏಳೆಂಟು ದಿನದಲ್ಲಿ ಹುಳು ತನ್ನ ಇಡೀ ಆಯುಸ್ಸಿನ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ತಿಂದು ಮುಗಿಸುತ್ತದೆ. ಬಿಸಿಲೇರುವ ಮೊದಲೇ ಕಡ್ಡಿ ಸೊಪ್ಪು ಕುಯ್ಯಬೇಕು, ಹೊರೆ ಹೊತ್ತು ತರಬೇಕು, ಬಾಡದಂತೆ ಒದ್ದೆ ಗೋಣಿ ಹೊದಿಸಬೇಕು, ಹೊತ್ತುಹೊತ್ತಿಗೆ ಹಾಸಬೇಕು. ಹಿಕ್ಕೆ ತೆಗೆಯುವುದು, ಸುಣ್ಣ ಉದುರಿಸುವುದು, ರೋಗ ಬಿದ್ದ ಹುಳುವನ್ನು ಆರಿಸಿ ಹಾಕುವುದು, ಊಜಿ ನೊಣ ನುಗ್ಗದಂತೆ ಪರದೆ ಸರಿಪಡಿಸುವುದು, ಇವೆಲ್ಲ ನಡುವಿನ ಕೆಲಸ. ಹುಳು ಹಣ್ಣಾದ ದಿನ ಮನೆಯಲ್ಲಿ ಒಲೆ ಹೊತ್ತಿಸಲೂ ಪುರುಸೊತ್ತು ಇರುವುದಿಲ್ಲ. ಆಯ್ದು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಆಮೇಲೆ ಗೂಡು ಬಿಡಿಸಿ ಮೂಟೆ ಕಟ್ಟುವವರೆಗೂ ಅವಳ ಕೈಯೇ. ಮೂಟೆ ಶಿಡ್ಲಘಟ್ಟದ ಗೂಡು ಮಾರುಕಟ್ಟೆ ತಲುಪಿದ ಗಳಿಗೆಯಿಂದ ಲಾಟು ಗಂಡನ ಹೆಸರಿಗೆ, ಹರಾಜು ಗಂಡನ ಹೆಸರಿಗೆ, ಹಣ ಗಂಡನ ಖಾತೆಗೆ.

ಶಿಡ್ಲಘಟ್ಟ ಪಟ್ಟಣದ ನೂಲು ಬಿಚ್ಚಾಣಿಕೆ ಮನೆಗಳಲ್ಲೂ ಇದೇ ಕತೆ. ಕುದಿಯುವ ನೀರಿನಲ್ಲಿ ಬೆರಳಾಡಿಸಿ ಎಳೆ ಹಿಡಿಯುವ ಹೆಂಗಸಿನ ಅಂಗೈ ತೊಗಲು ಸುಲಿದಿರುತ್ತದೆ. ಪರವಾನಗಿ ಗಂಡನದೋ ಮಾವನದೋ. ಚಿಂತಾಮಣಿಯ ಟೊಮೆಟೊ, ಗೌರಿಬಿದನೂರಿನ ಜೋಳ, ಚಿಕ್ಕಬಳ್ಳಾಪುರದ ಹೂವು, ದ್ರಾಕ್ಷಿ ಯಾವುದನ್ನೇ ತೆಗೆದುಕೊಳ್ಳಿ, ನೆಟ್ಟವರಲ್ಲಿ, ಕಳೆ ತೆಗೆದವರಲ್ಲಿ, ಬಿಡಿಸಿದವರಲ್ಲಿ ಅವಳಿದ್ದಾಳೆ. ಮಾರಿದ ಚೀಟಿಯಲ್ಲಿ ಇಲ್ಲ. ಆ ಹಣದಿಂದ ಪಕ್ಕದ ಒಂದೆಕರೆ ಕೊಂಡಿದ್ದು, ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದ್ದು, ಸಾವಿರ ಅಡಿ ದಾಟಿಸಿ ಕೊಳವೆಬಾವಿ ಕೊರೆಸಿದ್ದು ಎಲ್ಲವೂ ಗಂಡನ ಹೆಸರಿನಲ್ಲಿ ರಿಜಿಸ್ಟರ್ ಆಗಿರುತ್ತದೆ. ಬಾವಿಗೆಂದು ಅಡವಿಟ್ಟ ಒಡವೆ ಮಾತ್ರ ಅವಳದು.

ಇಂಥವಳನ್ನು ಆದಾಯವಿಲ್ಲದವಳು ಎಂದು ಬರೆದು ಅಲ್ಲಿಗೇ ನಿಲ್ಲಿಸಿದರೆ ನ್ಯಾಯಾಧೀಶರ ಮುಂದೆ ಉಳಿಯುವ ಪ್ರಶ್ನೆ ಒಂದೇ: ತಿಂಗಳಿಗೆ ಎಷ್ಟು ಕೊಟ್ಟರೆ ಇವಳ ಊಟ ಬಟ್ಟೆ ನಡೆದೀತು? ಅವಳು ಕಟ್ಟಿದ ಆಸ್ತಿಯ ಪ್ರಶ್ನೆ ಎದ್ದೇಳುವುದೇ ಇಲ್ಲ.

ಕಾನೂನಿನ ಸ್ಥಿತಿ ನಿಮಗೆ ತಿಳಿದದ್ದೇ. ಬೇರೆ ಓದುಗರಿಗಾಗಿ ಎರಡು ಮಾತು. ಮದುವೆಯಾದ ಮೇಲೆ ಗಳಿಸಿದ ಆಸ್ತಿಯಲ್ಲಿ ಇಬ್ಬರಿಗೂ ಪಾಲು ಎಂಬ ನಿಯಮ ಗೋವಾದಂಥ ಹಳೆಯ ಪೋರ್ಚುಗೀಸ್ ಪ್ರದೇಶ ಬಿಟ್ಟರೆ ನಮ್ಮಲ್ಲಿಲ್ಲ. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಬಲದಿಂದ, ಬೇರೆ ಒಪ್ಪಂದ ಮಾಡಿಕೊಳ್ಳದ ದಂಪತಿಗಳ ಆಸ್ತಿ ಇಬ್ಬರಿಗೂ ಸೇರುತ್ತದೆ. ನಮಗೆ ಇರುವುದು 1955ರ ಹಿಂದೂ ವಿವಾಹ ಕಾಯ್ದೆ. ಅದರ 25ನೇ ಕಲಂ ಶಾಶ್ವತ ಜೀವನಾಂಶದ್ದು. 27ನೇ ಕಲಂ ಮದುವೆಯ ಹೊತ್ತಿನಲ್ಲಿ ಬಂದ, ಇಬ್ಬರಿಗೂ ಸೇರಿದ ವಸ್ತುಗಳದ್ದು. ನಡುವಿನ ಇಪ್ಪತ್ತು ಮೂವತ್ತು ವರ್ಷದ ಗಳಿಕೆಯ ಬಗ್ಗೆ ಕಾಯ್ದೆ ಏನನ್ನೂ ಹೇಳುವುದಿಲ್ಲ. ಈ ಕೊರತೆ ತುಂಬುವ ಒಂದು ಪ್ರಯತ್ನ 2010ರ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯ ಮೂಲಕ ಮುಂದೆ ನಡೆಯಿತು. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಅಂಶದೊಂದಿಗೆ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಲೋಕಸಭೆಯಲ್ಲಿ ಅದು ಅಂಗೀಕಾರವಾಗದೆ 2014ರಲ್ಲಿ ಬಿದ್ದುಹೋಯಿತು.

ಕಾನೂನೇ ಇಲ್ಲ, ನಾವೇನು ಮಾಡೋಣ ಎಂದು ನೀವು ಕೇಳಬಹುದು. ಇರುವ ಕಾನೂನಿನಲ್ಲೇ ಮಾಡಬಹುದಾದದ್ದು ಬಹಳ ಇದೆ ಎಂಬುದು ನನ್ನ ವಾದ.

ಮೊದಲನೆಯದು ಒಡವೆ. ಸ್ತ್ರೀಧನ ಹೆಂಡತಿಯದು, ಗಂಡ ಅದರ ಮಾಲೀಕನಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಕೇರಳದ ಮಹಿಳೆಯೊಬ್ಬರ ಪ್ರಕರಣದಲ್ಲಿ ಅದೇ ಕೋರ್ಟ್, ಕಷ್ಟಕಾಲದಲ್ಲಿ ಗಂಡ ಸ್ತ್ರೀಧನ ಬಳಸಿಕೊಂಡರೂ ಅದನ್ನು ಹಿಂದಿರುಗಿಸುವ ಹೊಣೆ ಅವನ ಮೇಲಿರುತ್ತದೆ ಎಂದು ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು. ನಮ್ಮ ಊರುಗಳಲ್ಲಿ ಕೊಳವೆಬಾವಿಗೆ, ಹನಿ ನೀರಾವರಿಗೆ, ಹುಳು ಮನೆ ಕಟ್ಟಲು ಹೋದ ಸರ ಬಳೆಗಳಿಗೆ ಲೆಕ್ಕವಿದೆಯೇ? ಅರ್ಜಿಯಲ್ಲಿ ಅದನ್ನು ಕೇಳುವವರು ಎಷ್ಟು ಜನ?

ಎರಡನೆಯದು ಅವಳು ತಂದ ಹಣ. ಹೆಂಡತಿ ತನ್ನ ಗೊತ್ತಾದ ಮೂಲದಿಂದ ಹಣ ಕೊಟ್ಟು ಗಂಡನ ಹೆಸರಿನಲ್ಲಿ ಆಸ್ತಿ ಕೊಂಡಿದ್ದರೆ ಅದು ಬೇನಾಮಿಯಾಗುವುದಿಲ್ಲ. 1988ರ ಬೇನಾಮಿ ಕಾಯ್ದೆ, ತಿದ್ದುಪಡಿಯಾದ ರೂಪದಲ್ಲಿ, ಸಂಗಾತಿಯ ಹೆಸರಿನ ಆಸ್ತಿಗೆ ವಿನಾಯಿತಿ ಕೊಟ್ಟಿದೆ. ಹಾಗಾದರೆ ಬೇಕಾಗಿರುವುದು ಪುರಾವೆ. ಪುರಾವೆ ಇಲ್ಲ ಎಂದು ಅವಳೇ ಹೇಳುತ್ತಾಳೆ, ಏಕೆಂದರೆ ಪುರಾವೆ ಎಂದರೆ ಕ್ರಯಪತ್ರ ಅಂತ ಅವಳು ತಿಳಿದಿದ್ದಾಳೆ. ನೀವು ಸರಿಯಾಗಿ ಕೇಳಿದರೆ ಅವಳ ಟ್ರಂಕಿನಿಂದ ಒಂದೊಂದೇ ಹೊರಗೆ ಬರುತ್ತದೆ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ವಾರವಾರ ಕಟ್ಟಿದ ಪುಸ್ತಕ. ಡೇರಿಗೆ ಅವಳ ಹೆಸರಿನಲ್ಲಿ ಹಾಲು ಹಾಕಿದ ಪುಸ್ತಕ. ಒಡವೆ ಅಡವಿಟ್ಟ ಬ್ಯಾಂಕಿನ ರಸೀದಿ. ಉದ್ಯೋಗ ಖಾತ್ರಿಯಲ್ಲಿ ತಮ್ಮದೇ ಜಮೀನಿಗೆ ಹಿಪ್ಪುನೇರಳೆ ನಾಟಿ ಮಾಡಿದ ಮನೆಗಳಲ್ಲಿ ಅವಳ ಹೆಸರಿರುವ ಜಾಬ್ ಕಾರ್ಡು. ಇದನ್ನು ಗಮನಿಸಿ: ಆ ಹೊಲದಲ್ಲಿ ಅವಳು ದುಡಿದಳು ಎಂದು ಸರ್ಕಾರವೇ ಒಪ್ಪಿ ಕೂಲಿ ಕೊಟ್ಟಿದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಯಾವುದು ಬೇಕು?

ಮೂರನೆಯದು ಆಸ್ತಿ ವಿವರದ ಪ್ರಮಾಣಪತ್ರ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದು ಆದೇಶಿಸಿತು. ಅದರಲ್ಲಿ ಕೃಷಿಕರಿಗೆಂದೇ ಪ್ರತ್ಯೇಕ ನಮೂನೆ ಇದೆ. ಎಷ್ಟು ಜಮೀನು, ಖುಷ್ಕಿಯೋ ತರಿಯೋ, ಯಾವ ಬೆಳೆ, ಕಳೆದ ಮೂರು ವರ್ಷದ ಆದಾಯ, ದನಕರು, ಸಾಲ ಎಲ್ಲವನ್ನೂ ಅದು ಕೇಳುತ್ತದೆ. ನಮ್ಮ ತಾಲ್ಲೂಕುಗಳಿಗೆ ಅದಕ್ಕಿಂತ ಒಪ್ಪುವ ನಮೂನೆ ಇನ್ನೊಂದಿಲ್ಲ. ಗಂಡ ಗೂಡು ಮಾರಿದ ಹಣವನ್ನು ಮುಚ್ಚಿಟ್ಟರೆ ಮಾರುಕಟ್ಟೆಯ ದಾಖಲೆ ತರಿಸಿ ಎಂದು ಕೋರ್ಟನ್ನು ಕೇಳಬಹುದು. 25ನೇ ಕಲಂ ಪ್ರಕರಣದ ‘ಇತರ ಸಂದರ್ಭ’ಗಳನ್ನೂ ನೋಡಿ ಎನ್ನುತ್ತದೆ, ಬೇಕಾದರೆ ಗಂಡನ ಸ್ಥಿರಾಸ್ತಿಯ ಮೇಲೆ ಜೀವನಾಂಶದ ಋಣಭಾರ ಹಾಕಿ ಎನ್ನುತ್ತದೆ. ಅವಳ ದುಡಿಮೆಯನ್ನು ಆ ಸಂದರ್ಭಗಳಲ್ಲಿ ಮೊದಲನೆಯದಾಗಿ ಬರೆಯಿರಿ. ಕುಟುಂಬ ನ್ಯಾಯಾಲಯಕ್ಕೆ ದಂಪತಿಗಳ ಆಸ್ತಿ ವ್ಯಾಜ್ಯವನ್ನೂ ಕೇಳುವ ಅಧಿಕಾರ 1984ರ ಕಾಯ್ದೆಯ 7ನೇ ಕಲಮಿನಲ್ಲೇ ಇದೆ.

ನಾಲ್ಕನೆಯದು ಮದ್ರಾಸ್ ಹೈಕೋರ್ಟಿನ ತೀರ್ಪು. 2023ರ ಜೂನ್ 21ರಂದು ನ್ಯಾಯಮೂರ್ತಿ ಕೃಷ್ಣನ್ ರಾಮಸಾಮಿ ಅವರು ಕೊಟ್ಟದ್ದು. ಗಂಡ ಸೌದಿ ಅರೇಬಿಯಾದಲ್ಲಿ ದುಡಿದು ಹಣ ಕಳಿಸಿದ. ಹೆಂಡತಿ ಊರಿನಲ್ಲಿ ಮಕ್ಕಳನ್ನು ಸಾಕಿ ಮನೆ ನಡೆಸಿದಳು. ಆಸ್ತಿ ಯಾರದೆಂಬ ಜಗಳ ಗಂಡ ಸತ್ತ ಮೇಲೂ ನಡೆಯಿತು. ಮನೆಯೊಳಗಿನ ದುಡಿಮೆಯೂ ಆಸ್ತಿ ಗಳಿಕೆಗೆ ಕೊಟ್ಟ ಕೊಡುಗೆಯೇ, ಅದನ್ನು ಪರಿಗಣಿಸಬಾರದೆಂದು ಯಾವ ಕಾನೂನೂ ಹೇಳಿಲ್ಲ ಎಂದು ಕೋರ್ಟ್ ತೀರ್ಮಾನಿಸಿ, ಅವಳಿಗೆ ಆಸ್ತಿಯಲ್ಲಿ ಸಮಪಾಲು ಒಪ್ಪಿತು. ಆ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಮುಂದಿಟ್ಟು ವಾದಿಸಲು ಯಾರ ಅಡ್ಡಿಯೂ ಇಲ್ಲ. ಮನೆಯೊಳಗೆ ಅಡುಗೆ ಮಾಡಿದವಳಿಗೇ ಪಾಲಿದೆ ಎಂದಾದರೆ, ಅಡುಗೆಯನ್ನೂ ಮಾಡಿ ಹುಳುವನ್ನೂ ಸಾಕಿದವಳಿಗೆ ಏಕಿರಬಾರದು? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡಸು 88 ನಿಮಿಷ. ನಮ್ಮ ರೇಷ್ಮೆ ಮನೆಗಳಲ್ಲಿ ಹುಳು ಮನೆಯ ಕೆಲಸ ಇದರ ಮೇಲಿನದು.

ಕೇಳಿದರೆ ಕೋರ್ಟು ವಜಾ ಮಾಡುತ್ತದೆ ಎಂಬ ಅಂಜಿಕೆ ನಿಮ್ಮಲ್ಲಿ ಕೆಲವರಿಗಿದೆ. ಆಗಲಿ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಐರೀನ್ ಮರ್ಡಾಕ್ ಎಂಬ ರೈತ ಮಹಿಳೆಯ ಪ್ರಕರಣ ನೋಡಿ. ಗಂಡ ವರ್ಷದಲ್ಲಿ ತಿಂಗಳುಗಟ್ಟಲೆ ಹೊರಗಿರುತ್ತಿದ್ದ. ಹುಲ್ಲು ಕೊಯ್ಯಿಸುವುದು, ಲಾರಿ ಟ್ರ್ಯಾಕ್ಟರು ಓಡಿಸುವುದು, ದನಗಳಿಗೆ ಲಸಿಕೆ ಹಾಕುವುದು, ಮುದ್ರೆ ಒತ್ತುವುದು ಎಲ್ಲ ಅವಳೇ ಮಾಡುತ್ತಿದ್ದಳು. ಮದುವೆ ಮುರಿದಾಗ ಆಸ್ತಿಯಲ್ಲಿ ಪಾಲು ಕೇಳಿದಳು. ದನ ಸಾಕುವ ಮನೆಯ ಯಾವ ಹೆಂಡತಿಯಾದರೂ ಮಾಡುವ ಕೆಲಸವನ್ನೇ ಇವಳೂ ಮಾಡಿದ್ದಾಳೆ ಎಂಬ ಕಾರಣಕ್ಕೆ 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವಳ ಕೇಳಿಕೆಯನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಬೋರಾ ಲಾಸ್ಕಿನ್ ಒಬ್ಬರೇ ಭಿನ್ನಮತ ಬರೆದರು. ಆ ಸೋಲು ದೇಶದ ಹೆಂಗಸರನ್ನು ಎಬ್ಬಿಸಿತು. 1978ರಲ್ಲಿ ಒಂಟಾರಿಯೊ, ಆಲ್ಬರ್ಟಾ ಸೇರಿ ಪ್ರಾಂತ್ಯಗಳು ಒಂದರ ಹಿಂದೊಂದು ದಾಂಪತ್ಯದ ಆಸ್ತಿಗೆ ಕಾನೂನು ಮಾಡಿದವು. ಸೋತ ಅರ್ಜಿಯೊಂದು ಕಾನೂನನ್ನು ಹುಟ್ಟಿಸಿತು. ಅರ್ಜಿಯೇ ಹಾಕದಿದ್ದರೆ ಸೋಲೂ ಇಲ್ಲ, ಕಾನೂನೂ ಇಲ್ಲ.

ಇನ್ನು ಸಾವಿನ ಮಾತು. ವಿಚ್ಛೇದನಕ್ಕಿಂತ ಹೆಚ್ಚು ಹೆಂಗಸರು ನಮ್ಮಲ್ಲಿ ಕೈ ಖಾಲಿಯಾಗುವುದು ಗಂಡ ತೀರಿಕೊಂಡಾಗ. ಗಂಡಹೆಂಡಿರು ದುಡಿದು ನಾಲ್ಕು ಎಕರೆ ಕೊಂಡರು, ಗಂಡನ ಹೆಸರಿನಲ್ಲಿ. ವಿಲ್ ಬರೆಯದೆ ಅವನು ಸತ್ತ. ಹೆಂಡತಿ, ತಾಯಿ, ಮೂವರು ಮಕ್ಕಳಿದ್ದಾರೆ. 1956ರ ಉತ್ತರಾಧಿಕಾರ ಕಾಯ್ದೆಯಂತೆ ಐದು ಸಮಪಾಲು. 160 ಗುಂಟೆಯಲ್ಲಿ ಅವಳಿಗೆ 32 ಗುಂಟೆ. ಅವಳ ದುಡಿಮೆಗೆ ಸಲ್ಲುವ ಅರ್ಧವನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನಷ್ಟೇ ಸತ್ತವನ ಆಸ್ತಿಯೆಂದು ಹಂಚಿದ್ದರೆ 96 ಗುಂಟೆ. ಈ ವ್ಯತ್ಯಾಸದಷ್ಟು ನೆಲವನ್ನು ಅವಳು ತನ್ನ ಮಕ್ಕಳಿಗೂ ಅತ್ತೆಗೂ ಕೇಳದೆಯೇ ಬಿಟ್ಟುಕೊಟ್ಟಂತಾಯಿತು. ಗಂಡ ಯಾರದೋ ಹೆಸರಿಗೆ ವಿಲ್ ಬರೆದಿದ್ದರೆ ಆ 32 ಗುಂಟೆಯೂ ಇಲ್ಲ. ಆಮೇಲೆ ಆಸ್ತಿ ಪಡೆದವರಿಂದ ಜೀವನಾಂಶ ಕೇಳುತ್ತ ಅಲೆಯಬೇಕು. ವಿಚ್ಛೇದನವಾಗಿದ್ದರಂತೂ ಅವಳು ವಾರಸುದಾರಳೇ ಅಲ್ಲ. ಬಿಚ್ಚಾಣಿಕೆ ಮಾಡುವ ಮುಸ್ಲಿಂ ಕುಟುಂಬಗಳಲ್ಲಿ, ಮಕ್ಕಳಿದ್ದರೆ ವಿಧವೆಗೆ ಎಂಟರಲ್ಲಿ ಒಂದು ಪಾಲು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆಸ್ತಿ ಕಟ್ಟಿದ ದುಡಿಮೆಯ ಪ್ರಶ್ನೆ ಅಲ್ಲೂ ಹಾಗೆಯೇ ಉಳಿದಿದೆ.

ಹಳೆಯ ಮೈಸೂರು ಸೀಮೆಯ ಹಿಂದೂ ಕುಟುಂಬಗಳಲ್ಲಿ ವಿಲ್‌ಗೆ ಪ್ರೊಬೇಟ್, ಅಂದರೆ ಕೋರ್ಟಿನ ದೃಢೀಕರಣ, ಕಡ್ಡಾಯವಾಗಿರಲಿಲ್ಲ. ಹಾಗಾಗಿ ವಿಲ್ಲು ಮೊದಲು ಕಾಣಿಸಿಕೊಳ್ಳುವುದು ನ್ಯಾಯಾಧೀಶರ ಮುಂದಲ್ಲ, ಖಾತೆ ಬದಲಾವಣೆಯ ಅರ್ಜಿಯ ಜೊತೆ ಕಂದಾಯ ಕಚೇರಿಯಲ್ಲಿ. ತಕರಾರಿನ ಅವಧಿಯಲ್ಲಿ ಅವಳು ಸಾವಿನ ಸೂತಕದಲ್ಲಿರುತ್ತಾಳೆ. ವಂಶವೃಕ್ಷಕ್ಕೆ, ಪೌತಿ ಖಾತೆಗೆ ಮಗನೋ ಮೈದುನನೋ ಓಡಾಡುತ್ತಾರೆ, ತೋರಿಸಿದ ಕಡೆ ಅವಳು ಹೆಬ್ಬೆಟ್ಟು ಒತ್ತುತ್ತಾಳೆ, ಆ ಕಾಗದ ಹಕ್ಕು ಬಿಡುಗಡೆ ಪತ್ರವಾಗಿರುತ್ತದೆ. ಪಹಣಿಯಿಂದ ಮಾಲೀಕತ್ವ ಬರುವುದಿಲ್ಲ ಎಂಬುದು ನಿಮಗೆ ಗೊತ್ತು. ಆದರೆ ಬ್ಯಾಂಕು ನೋಡುವುದು ಪಹಣಿಯನ್ನು, ಭೂಸ್ವಾಧೀನದವರು ಮೊದಲು ಹುಡುಕುವುದೂ ಪಹಣಿಯಲ್ಲಿರುವ ಹೆಸರನ್ನು. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಬೆಂಗಳೂರಿನ ರೇಟು ನಮ್ಮ ಹೊಲದ ಬದುವಿನವರೆಗೆ ಬಂದಿದೆ. ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ವಿಚಾರಕ್ಕೆ ರೈತರು ಬೀದಿಗಿಳಿದದ್ದನ್ನು ನೀವೇ ಕಂಡಿದ್ದೀರಿ. ಹೆಸರಿಲ್ಲದ ಹೆಂಗಸಿಗೆ ಅಲ್ಲಿ ಜಮೀನೂ ಇಲ್ಲ, ಪರಿಹಾರವೂ ಇಲ್ಲ.

ಆಸ್ತಿಯಲ್ಲಿ ಹೆಣ್ಣಿಗೆ ಪಾಲು ಎಂಬುದು ನಮ್ಮ ಸೀಮೆಗೆ ಹೊಸ ಯೋಚನೆಯೇನಲ್ಲ. ಈ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಕೇಂದ್ರದ ಉತ್ತರಾಧಿಕಾರ ಕಾಯ್ದೆಗೆ 23 ವರ್ಷ ಮೊದಲೇ, 1933ರಲ್ಲಿ, ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತ್ತು. ಒಟ್ಟು ಕುಟುಂಬದ ಆಸ್ತಿ ಭಾಗವಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು ಕೊಡುವ ದಾರಿ ತೆರೆದಿತ್ತು. ಮುಂದೆ 1994ರಲ್ಲಿ ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತಕ್ಕೆ ಸಮಭಾಗಿಗಳನ್ನಾಗಿ ಮಾಡಿತು. ದೇಶಕ್ಕೆ ಅದು ಬಂದದ್ದು 2005ರಲ್ಲಿ. ಮಗಳಾಗಿ ಅವಳಿಗೆ ಹಕ್ಕು ಸಿಕ್ಕಿತು. ಹೆಂಡತಿಯಾಗಿ ದುಡಿದದ್ದಕ್ಕೆ ಇನ್ನೂ ಸಿಕ್ಕಿಲ್ಲ.

ಪಿತ್ರಾರ್ಜಿತ ಜಮೀನಿನಲ್ಲಿ ಸೊಸೆಗೇನು ಪಾಲು ಎಂದು ಎದುರು ವಕೀಲರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮಾವನ ಕಾಲದ ಹೊಲವನ್ನು ಅವಳು ಕೇಳುತ್ತಿಲ್ಲ. ಖುಷ್ಕಿಯಾಗಿದ್ದ ಆ ಹೊಲಕ್ಕೆ ನೀರು ತಂದ ಬಾವಿ, ನೆಟ್ಟ ಹಿಪ್ಪುನೇರಳೆ, ಕಟ್ಟಿದ ಹುಳು ಮನೆ, ಅದರ ಆದಾಯದಲ್ಲಿ ಕೊಂಡ ಬೇರೆ ಜಮೀನು ಇವುಗಳಲ್ಲಿ ಅವಳ ಬೆವರಿದೆ. ಹಳೆಯದನ್ನು, ಹೊಸದನ್ನು ಬಿಡಿಸಿ ಬರೆದರೆ ವಾದ ಗಟ್ಟಿಯಾಗುತ್ತದೆ. ಜೀವನಾಂಶ ಕಡಿಮೆಯಾದೀತೆಂಬ ಭಯಕ್ಕೂ ಉತ್ತರ ಇಲ್ಲೇ ಇದೆ. ‘ಅರ್ಜಿದಾರಳು ಇಂತಿಷ್ಟು ವರ್ಷ ಹುಳು ಸಾಕಾಣಿಕೆಯಲ್ಲಿ ದುಡಿದಿದ್ದಾಳೆ, ಆ ಆದಾಯವೆಲ್ಲ ಎದುರುದಾರನ ಖಾತೆಗೆ ಹೋಗಿದೆ, ಆದ್ದರಿಂದ ಈಗ ಆಕೆಯ ಕೈಯಲ್ಲಿ ಏನೂ ಇಲ್ಲ’ ಎಂದು ಬರೆಯಿರಿ. ಇದರಿಂದ ಜೀವನಾಂಶದ ಕೇಳಿಕೆಗೆ ಪೆಟ್ಟಿಲ್ಲ. ಅವಳು ಯಾಕೆ ಬರಿಗೈಯಲ್ಲಿದ್ದಾಳೆ ಎಂಬ ಸತ್ಯ ಮಾತ್ರ ದಾಖಲಾಗುತ್ತದೆ.

ವಕೀಲರೇ, ಒಂದು ಸಂಸಾರದ ಆಸ್ತಿಗೆ ಸಂಬಂಧಪಟ್ಟ ಮೂರು ಕಾಗದಗಳು ನಿಮ್ಮ ಮೇಜಿನ ಮೇಲೆ ಹಾದುಹೋಗುತ್ತವೆ. ಆ ಮೂರಕ್ಕೂ ನನ್ನ ಬೇಡಿಕೆ ಇದೆ.

ಕ್ರಯಪತ್ರ ಬರೆಯುವಾಗ, ಸಂಸಾರ ಚೆನ್ನಾಗಿರುವಾಗಲೇ, ‘ನಿಮ್ಮ ಮನೆಯವರ ಹೆಸರನ್ನೂ ಸೇರಿಸೋಣವೇ?’ ಎಂದು ಗಂಡಸನ್ನು ಕೇಳಿ. ಆಗಲೇ ರಿಜಿಸ್ಟರ್ ಆಗಿರುವ ಆಸ್ತಿಯಾದರೆ, ಗಂಡ ಹೆಂಡತಿಗೆ ಬರೆಯುವ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮಾರಾಟದ ಹಾಗೆ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ನಿಗದಿತ ಮೊತ್ತ ಸಾಕು ಎಂದು ತಿಳಿಸಿ. ಮಹಾರಾಷ್ಟ್ರದಲ್ಲಿ ಶರದ್ ಜೋಶಿಯವರ ಶೇತ್ಕರಿ ಸಂಘಟನೆ ಲಕ್ಷ್ಮೀ ಮುಕ್ತಿ ಎಂಬ ಚಳವಳಿ ನಡೆಸಿ, ರೈತರು ತಾವಾಗಿ ಹೆಂಡತಿಯ ಹೆಸರಿಗೆ ಜಮೀನು ಬರೆಯುವಂತೆ ಮಾಡಿತ್ತು. ನಮ್ಮ ರೈತರಿಗೂ ಆ ಮನಸ್ಸು ಇದೆ, ಕೇಳುವವರು ಬೇಕು.

ವಿಲ್ ಬರೆಯುವಾಗ, ಹೆಂಡತಿಗೆ ಏನು ಬಿಟ್ಟಿದ್ದೀರಿ ಎಂದು ಕೇಳದೆ ಮುಂದಿನ ಸಾಲಿಗೆ ಹೋಗಬೇಡಿ. ವಿಧವೆಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಅದನ್ನು ಅವಳಿಗೆ ಅರ್ಥವಾಗುವ ಮಾತಿನಲ್ಲಿ, ಕನ್ನಡವೋ ತೆಲುಗೋ ಉರ್ದುವೋ, ಓದಿ ಹೇಳಿ; ಮಗ ಮೈದುನರನ್ನು ಹೊರಗೆ ಕೂರಿಸಿ ಓದಿ ಹೇಳಿ.

ವಿಚ್ಛೇದನದ ಅರ್ಜಿ ಬರೆಯುವಾಗ ಅವಳ ದುಡಿಮೆಗೆ ಒಂದು ಪ್ರತ್ಯೇಕ ಪ್ಯಾರಾ ಮೀಸಲಿಡಿ. ಯಾವ ವರ್ಷದಿಂದ, ಎಷ್ಟು ಮೊಟ್ಟೆಯ ಹುಳು ಸಾಕಿದಳು, ಯಾವ ಒಡವೆ ಯಾವ ಬಾವಿಗೆ ಹೋಯಿತು, ಯಾವ ಸರ್ವೆ ನಂಬರು ಯಾವ ಬೆಳೆಯ ಹಣದಲ್ಲಿ ಬಂತು ಎಂದು ಬರೆಯಿರಿ. ಲೋಕ ಅದಾಲತ್‌ನಲ್ಲಿ ಒಂದೇ ಗಂಟಿನ ಮೊತ್ತಕ್ಕೆ ರಾಜಿ ಮಾಡಿಸುವಾಗ ಆ ಪ್ಯಾರಾವನ್ನು ಎದುರಿಗಿಟ್ಟುಕೊಂಡು ಮೊತ್ತ ಮಾತಾಡಿ. ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗಂತೂ ಇದು ಕರ್ತವ್ಯ; 1987ರ ಕಾಯ್ದೆಯಂತೆ ಯಾವ ಹೆಣ್ಣಾದರೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹಳು.

ನಾಲ್ಕು ತಾಲ್ಲೂಕುಗಳ ವಕೀಲರ ಸಂಘಗಳು ಒಂದು ದಿನ ಒಟ್ಟಿಗೆ ಕೂತು, ರೇಷ್ಮೆ ಮತ್ತು ತೋಟದ ಕುಟುಂಬಗಳಿಗೆ ಹೊಂದುವಂಥ ಒಂದು ಮಾದರಿ ಅರ್ಜಿ, ಒಂದು ದಾಖಲೆ ಪಟ್ಟಿ ತಯಾರಿಸಿ, ಕಿರಿಯ ವಕೀಲರ ಕೈಗೆ ಕೊಡಲಿ. ಇಂಥ ಅರ್ಜಿಗಳಲ್ಲಿ ಕೆಲವು ವಜಾ ಆಗುತ್ತವೆ, ಕೆಲವು ಮೇಲ್ಮನವಿಗೆ ಹೋಗುತ್ತವೆ, ಒಂದಾದರೂ ಬೆಂಗಳೂರಿನ ಹೈಕೋರ್ಟಿನಲ್ಲಿ ನಿಲ್ಲುತ್ತದೆ. ಮದ್ರಾಸ್ ಹೈಕೋರ್ಟ್ ಹೇಳಿದ್ದನ್ನು ನಮ್ಮ ಹೈಕೋರ್ಟಿನ ಬಾಯಿಂದ ಹೇಳಿಸುವ ಪ್ರಕರಣ ಶಿಡ್ಲಘಟ್ಟದ ಹುಳು ಮನೆಯಿಂದಲೇ ಹೋಗಲಿ. ಅದನ್ನು ಬರೆಯುವವರು ನೀವಾಗಿರಿ.

ಗೌರವದೊಂದಿಗೆ,

ರೇಷ್ಮೆ ಬೆಳೆಯುವ ಮನೆಯ ಹೆಣ್ಣುಮಗಳು
ಶಿಡ್ಲಘಟ್ಟ ತಾಲ್ಲೂಕು